ಎಲೆಯ ಎತ್ತರದಲ್ಲಿ ಅಳೆಯಿರಿ: ಸ್ಟೋರ್ ರೂಮಿನಲ್ಲಿ ಆರು ಮೆಣಸಿನ ಗಿಡ

ವಿಜಯಪುರದ ನಮ್ಮ ಬಾಡಿಗೆ ಮನೆಯ ಮಾಳಿಗೆ ಮಾಲೀಕರದ್ದು. ಅಂಗಳದಲ್ಲಿ ಎರಡು ಗಾಡಿ ನಿಂತರೆ ಕಾಲಿಡಲು ಜಾಗ ಇರುವುದಿಲ್ಲ. ಉಳಿದದ್ದು ಅಡುಗೆಮನೆ ಪಕ್ಕದ ಸ್ಟೋರ್ ರೂಮ್. ಆರು ಅಡಿ ಅಗಲ, ಎಂಟು ಅಡಿ ಉದ್ದ, ಮೇಲೆ ಒಂದು ಸಣ್ಣ ವೆಂಟಿಲೇಟರ್. ಬಿಸಿಲು ಅಲ್ಲಿಗೆ ಬರುವುದೇ ಇಲ್ಲ. ಕಳೆದ ನವೆಂಬರ್‌ನಲ್ಲಿ ಅಲ್ಲೇ ಲೈಟ್ ಹಾಕಿ ಮೆಣಸಿನಕಾಯಿ ಗಿಡ ಬೆಳೆಸೋಣ ಅಂತ ಹೊರಟೆ. ಅದಕ್ಕೂ ಮೊದಲು ನಾನು ಬೆಳೆಸಿದ್ದು ಒಂದು ತುಳಸಿ ಗಿಡ ಮಾತ್ರ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಅಂಕಿ ಬರೆದಿಡುವುದು ರೂಢಿ. ಡಿಸೆಂಬರ್‌ನಿಂದ ಮೇ ತನಕ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದಿದ್ದೇನೆ. ಈಗ ತಿರುಗಿ ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಮೊದಲ ಮೂರು ತಿಂಗಳು ಅಳತೆ ಸರಿ ಇತ್ತು, ಅಳೆದ ಜಾಗ ಸರಿ ಇರಲಿಲ್ಲ. ಥರ್ಮಾಮೀಟರ್ ಬಾಗಿಲ ಹತ್ತಿರ ತೂಗುಹಾಕಿದ್ದೆ. ಮಣ್ಣು ಒಣಗಿದೆಯಾ ಅಂತ ಮೇಲಿನ ಅರ್ಧ ಇಂಚು ಮುಟ್ಟಿ ನೋಡುತ್ತಿದ್ದೆ. ಬೆಳಕು ಸಾಕಾ ಅಂತ ನನ್ನ ಕಣ್ಣಿನಿಂದ ತೂಗುತ್ತಿದ್ದೆ. ಗಿಡ ಇರುವುದು ನಾನು ನಿಂತ ಜಾಗದಲ್ಲಿ ಅಲ್ಲ, ಅಲ್ವಾ? ಅದರ ಎಲೆ ಒಂದು ಕಡೆ, ಬೇರು ಇನ್ನೊಂದು ಕಡೆ. ಆ ಎರಡು ಜಾಗದಲ್ಲಿ ಅಳೆಯಲು ಶುರು ಮಾಡಿದ ಮೇಲೆಯೇ ಗಿಡ ಸೊರಗುವುದು ಕಡಿಮೆ ಆಯಿತು.

ರ್‍ಯಾಕ್

ಗುಜರಿ ಅಂಗಡಿಯಲ್ಲಿ ತೂತಿನ ಕಬ್ಬಿಣದ ಆಂಗಲ್ ಸಿಕ್ಕಿತು. ಅದನ್ನು ಬೋಲ್ಟ್ ಹಾಕಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಆರು ಅಡಿ ಎತ್ತರದ ರ್‍ಯಾಕ್ ಮಾಡಿಕೊಂಡೆವು. ಉದ್ದ ನಾಲ್ಕು ಅಡಿ ಇರಲೇಬೇಕು, ಯಾಕೆಂದರೆ ಮಾಮೂಲಿ ಎಲ್‌ಇಡಿ ಟ್ಯೂಬ್‌ಲೈಟ್ ಅಷ್ಟೇ ಉದ್ದ ಇರುತ್ತದೆ. ಗಿಡಕ್ಕೆಂದೇ ಮಾರುವ ನೇರಳೆ ಬಣ್ಣದ ಲೈಟ್ ತರಲಿಲ್ಲ. 20 ವ್ಯಾಟ್‌ನ ಬಿಳಿ ಟ್ಯೂಬ್ ಆರು ತಂದೆ. ಒಂದೊಂದೂ ಸುಮಾರು 2,000 ಲ್ಯೂಮೆನ್ ಕೊಡುತ್ತದೆ. ಬಿಳಿ ಬೆಳಕಿನಲ್ಲಿ ಗಿಡಕ್ಕೆ ಬೇಕಾದ ನೀಲಿಯೂ ಇದೆ, ಕೆಂಪೂ ಇದೆ. ಇನ್ನೊಂದು ಲಾಭ ಎಂದರೆ ಎಲೆಯ ನಿಜವಾದ ಬಣ್ಣ ಕಾಣುತ್ತದೆ. ನೇರಳೆ ಬೆಳಕಿನಲ್ಲಿ ಎಲೆ ಹಸಿರೋ ಹಳದಿಯೋ ಸರಿಯಾಗಿ ಗೊತ್ತಾಗುವುದಿಲ್ಲ. ಕಾಯಿಲೆ ಗೊತ್ತಾಗುವಾಗ ತಡ ಆಗಿರುತ್ತದೆ.

ಆರೂ ಟ್ಯೂಬುಗಳನ್ನು ಒಂದು ಚೌಕಟ್ಟಿಗೆ ಕಟ್ಟಿ, ನಾಲ್ಕು ಮೂಲೆಗೆ ಸರಪಳಿ ಹಾಕಿ, ಕೊಕ್ಕೆಯಿಂದ ತೂಗುಬಿಟ್ಟೆ. ಸರಪಳಿಯ ಒಂದೊಂದು ಕೊಂಡಿ ದಾಟಿಸಿದರೆ ಲೈಟ್ ಎರಡು ಸೆಂಟಿಮೀಟರ್ ಮೇಲೆ ಅಥವಾ ಕೆಳಗೆ ಹೋಗುತ್ತದೆ. ಈ ಏರಿಳಿತದ ಅನುಕೂಲ ಇಲ್ಲದಿದ್ದರೆ ಮುಂದೆ ಬರೆದಿರುವ ಅರ್ಧ ರಿಪೇರಿ ಸಾಧ್ಯವೇ ಆಗುತ್ತಿರಲಿಲ್ಲ. ಮೂರು ಬದಿಗೆ ಹಳೆಯ ಫ್ಲೆಕ್ಸ್ ಬ್ಯಾನರ್ ಕಟ್ಟಿದೆ, ಬಿಳಿ ಹಿಂಬದಿ ಒಳಗೆ ಬರುವ ಹಾಗೆ. ಹೊರಗೆ ಚೆಲ್ಲಿ ಹೋಗುವ ಬೆಳಕು ವಾಪಸ್ ಗಿಡದ ಮೇಲೆ ಬೀಳುತ್ತದೆ.

ಕರೆಂಟಿನ ವಿಷಯದಲ್ಲಿ ಮಾತ್ರ ಯಾರೂ ಸಡಿಲ ಬಿಡಬೇಡಿ. ಕಬ್ಬಿಣದ ರ್‍ಯಾಕ್, ಪಕ್ಕದಲ್ಲೇ ನೀರು, ಮೇಲೆ ವೈರು. ಎಲೆಕ್ಟ್ರಿಷಿಯನ್ನರನ್ನು ಕರೆಸಿ ರ್‍ಯಾಕಿಗೇ ಅರ್ಥಿಂಗ್ ವೈರ್ ಕಟ್ಟಿಸಿದೆ. ಮೂರು ಪಿನ್ನಿನ ಪ್ಲಗ್ ಹಾಕಿಸಿ, ಆ ಲೈನಿಗೆ ಸೋರಿಕೆ ಆದರೆ ಕೂಡಲೇ ಬೀಳುವ ಆರ್‌ಸಿಸಿಬಿ ಕೂರಿಸಿದರು. ಸ್ವಿಚ್‌ಬೋರ್ಡ್ ಕುಂಡಕ್ಕಿಂತ ಮೇಲೆ ಇದೆ. ವೈರ್ ಬೋರ್ಡಿಗೆ ಹೋಗುವ ಮೊದಲು ಕೆಳಗೆ ಒಂದು ಜೋಲು ಬಿಟ್ಟಿದ್ದಾರೆ. ವೈರಿನ ಮೇಲೆ ನೀರು ಹರಿದರೂ ಆ ಜೋಲಿನ ತುದಿಯಿಂದ ಹನಿದು ಹೋಗುತ್ತದೆ, ಬೋರ್ಡಿನ ಒಳಗೆ ಇಳಿಯುವುದಿಲ್ಲ.

ಖರ್ಚಿನ ಲೆಕ್ಕ ಕೇಳುವವರಿಗೆ: 120 ವ್ಯಾಟ್, ದಿನಕ್ಕೆ 14 ಗಂಟೆ. ದಿನಕ್ಕೆ 1.68 ಯೂನಿಟ್, ತಿಂಗಳಿಗೆ 50 ಯೂನಿಟ್. ಗೃಹಜ್ಯೋತಿ ಇರುವವರು ಇದನ್ನು ಮೊದಲೇ ನೋಡಿಕೊಳ್ಳಿ. ಉಚಿತ ಯೂನಿಟ್‌ಗಳ ಮಿತಿ ನಿಮ್ಮ ಹಳೆಯ ಸರಾಸರಿಯ ಮೇಲೆ ನಿಗದಿ ಆಗಿರುತ್ತದೆ. ಅದನ್ನು ದಾಟಿದ ಯೂನಿಟ್‌ಗೆ ಹೆಸ್ಕಾಂ ಬಿಲ್ ಬರುತ್ತದೆ, 200 ದಾಟಿದರೆ ಪೂರ್ತಿ ಬಿಲ್.

ಡಿಸೆಂಬರ್

3ನೇ ತಾರೀಕು ಪೂಸಾ ಜ್ವಾಲಾ ಅನ್ನುವ ತಳಿಯ ಬೀಜ ಹಾಕಿದೆ. ಗಿಡ ಗಿಡ್ಡ, ಪೊದೆಯ ಹಾಗೆ ಬೆಳೆಯುತ್ತದೆ, ಅದಕ್ಕೇ ಆರಿಸಿಕೊಂಡೆ. ಪೇಪರ್ ಕಪ್ಪಿನಲ್ಲಿ ಒದ್ದೆ ಕೋಕೋಪೀಟ್, ಒಂದೊಂದರಲ್ಲಿ ಎರಡು ಬೀಜ. ಅರ್ಧ ಕಪ್ ರ್‍ಯಾಕಿನಲ್ಲಿ, ಅರ್ಧ ಕಪ್ ಫ್ರಿಜ್ಜಿನ ಮೇಲೆ. ಡಿಸೆಂಬರ್‌ನಲ್ಲಿ ನಮ್ಮೂರಿನ ರಾತ್ರಿ ತಣ್ಣಗಿರುತ್ತದೆ. ಫ್ರಿಜ್ಜಿನ ಮೇಲಿನ ಬೀಜ ಎಂಟು ದಿನಕ್ಕೆ ಮೊಳೆತವು, ರ್‍ಯಾಕಿನವು ಹದಿಮೂರು ದಿನ ತೆಗೆದುಕೊಂಡವು. ಮೆಣಸಿನ ಬೀಜಕ್ಕೆ 25ರಿಂದ 30 ಡಿಗ್ರಿ ಬೆಚ್ಚಗೆ ಬೇಕು. ಮೊಳೆಯುವ ತನಕ ಬೆಳಕು ಬೇಕಿಲ್ಲ.

ಮೊಳೆತ ಮೇಲೆ ಮೊದಲ ತಪ್ಪು. ಆರರಲ್ಲಿ ಎರಡೇ ಟ್ಯೂಬ್ ಹಚ್ಚಿ, ಒಂದೂವರೆ ಅಡಿ ಮೇಲೆ ಇಟ್ಟಿದ್ದೆ. ಸಣ್ಣ ಸಸಿ, ಜಾಸ್ತಿ ಬೆಳಕು ಯಾಕೆ ಅಂದುಕೊಂಡೆ. ವಾರದೊಳಗೆ ಸಸಿಗಳು ದಾರದ ಹಾಗೆ ಉದ್ದ ಆಗಿ ಬಗ್ಗಿದವು. ಫೋನಿನಲ್ಲಿ ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುವ ಆ್ಯಪ್ ಹಾಕಿಕೊಂಡು, ಫೋನನ್ನು ಸಸಿಯ ತುದಿಯ ಪಕ್ಕ ಮಲಗಿಸಿ ನೋಡಿದೆ: 2,200 ಲಕ್ಸ್. ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ನಮ್ಮ ಕಣ್ಣು ಎಂಥ ಕತ್ತಲೆಗೂ ಹೊಂದಿಕೊಳ್ಳುತ್ತದೆ, ಹಾಗಾಗಿ ಕೋಣೆ ನನಗೆ ಬೆಳ್ಳಗೆ ಕಾಣುತ್ತಿತ್ತು. ಸಸಿಗೆ ಅದು ಹೆಚ್ಚುಕಡಿಮೆ ಕತ್ತಲೆ.

ಗಾಬರಿಯಿಂದ ಅದೇ ದಿನ ಆರೂ ಟ್ಯೂಬ್ ಹಚ್ಚಿ, 15 ಸೆಂಟಿಮೀಟರ್ ಎತ್ತರಕ್ಕೆ ಇಳಿಸಿದೆ. 14,000 ಲಕ್ಸ್. ಮೂರನೇ ದಿನ ಮೇಲಿನ ಎಲೆಗಳಲ್ಲಿ ಕಾಗದದಂಥ ಬಿಳಿ ಕಲೆ ಬಂತು. ಒಂದೇ ಏಟಿಗೆ ಆರು ಪಟ್ಟು ಬೆಳಕು ಏರಿಸಿದ್ದೆ. 14,000 ಅಂಥ ದೊಡ್ಡ ಅಂಕಿ ಏನಲ್ಲ. ಮಂದ ಬೆಳಕಿನಲ್ಲಿ ಹುಟ್ಟಿದ ತೆಳು ಎಲೆಗೆ ಅದನ್ನು ಹೀರಿಕೊಳ್ಳುವ ತಯಾರಿ ಇರಲಿಲ್ಲ, ಅಷ್ಟೇ. ಲೈಟನ್ನು ವಾಪಸ್ ಮೇಲೆತ್ತಿ, 5,000ದಿಂದ ಶುರು ಮಾಡಿ, ದಿನಕ್ಕೆ ಒಂದು ಕೊಂಡಿ ಇಳಿಸುತ್ತಾ ಬಂದೆ. ಸುಟ್ಟ ಎಲೆ ಸರಿ ಹೋಗಲಿಲ್ಲ, ಅದು ಹೋಗುವುದೂ ಇಲ್ಲ. ಹೊಸದಾಗಿ ಬಂದ ಎಲೆಗಳು ದಪ್ಪಗೆ, ಕಡು ಹಸಿರಾಗಿ ಬಂದವು. ಅವತ್ತಿನಿಂದ ಹಳೆ ಎಲೆ ನೋಡಿ ಮರುಗುವುದನ್ನು ಬಿಟ್ಟೆ. ರಿಪೇರಿ ಕೆಲಸ ಮಾಡಿದೆಯಾ ಅನ್ನುವುದನ್ನು ಹೊಸ ಎಲೆ ಹೇಳುತ್ತದೆ.

ಜನವರಿ, ಜಾತ್ರೆಯ ವಾರ

ಜನವರಿ 3ಕ್ಕೆ ಗಟ್ಟಿಯಾದ ಆರು ಸಸಿ ಆರಿಸಿ ಎಂಟು ಇಂಚಿನ ಕುಂಡಕ್ಕೆ ಹಾಕಿದೆ. ಮಣ್ಣು ನಮ್ಮ ಕಾಕಾನ ಹೊಲದ್ದು. ಅವರು ತಿಕೋಟಾದಲ್ಲಿ ದ್ರಾಕ್ಷಿ ಮತ್ತು ದಾಳಿಂಬೆ ಬೆಳೆಯುತ್ತಾರೆ. ಒಳ್ಳೆ ಎರೆ ಮಣ್ಣು, ಇದಕ್ಕಿಂತ ಬೇರೆ ಇನ್ನೇನು ಬೇಕು ಅನ್ನುವುದು ನನ್ನ ಲೆಕ್ಕ.

ಹತ್ತು ದಿನಕ್ಕೆ ಆರೂ ಗಿಡ ಜೋತುಬಿದ್ದವು. ಎಲೆಗಳು ಒದ್ದೆ ಬಟ್ಟೆಯ ಹಾಗೆ ಇಳಿದಿದ್ದವು. ಮೇಲಿನ ಮಣ್ಣು ಮುಟ್ಟಿದರೆ ಒಣಗಿ ಬಿರುಕು ಬಿಟ್ಟಿದೆ. ನೀರು ಹಾಕಿದೆ. ಇನ್ನೂ ಜೋತವು. ಮತ್ತೆ ಹಾಕಿದೆ.

ಸಂಕ್ರಾಂತಿಗೆ ಕಾಕಾ ಸಿದ್ಧೇಶ್ವರ ಜಾತ್ರೆಗೆ ಅಂತ ಊರಿಗೆ ಬಂದರು. ರಾತ್ರಿ ಊಟ ಆದ ಮೇಲೆ ಸ್ಟೋರ್ ರೂಮಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಎಲೆ ನೋಡಲೇ ಇಲ್ಲ. ಒಂದು ಕುಂಡ ಎತ್ತಿದರು. ಕೈಯಲ್ಲಿ ಮೇಲೆ ಕೆಳಗೆ ಆಡಿಸಿದರು.

“ಎಷ್ಟ್ ವಜ್ಜಿ ಅದ ನೋಡವಾ ಇದು,” ಅಂದರು. “ನೀರಡಿಸಿದ ಕುಂಡ ಹಿಂಗ ಇರ್ತದೇನು?”

ಆಮೇಲೆ ಕಾಂಡವನ್ನು ಎರಡು ಬೆರಳ ನಡುವೆ ಹಿಡಿದು, ಕುಂಡ ಬೋರಲು ಮಾಡಿ, ತಳಕ್ಕೆ ಅಂಗೈಯಿಂದ ತಟ್ಟಿದರು. ಮಣ್ಣಿನ ಮುದ್ದೆ ಇಡಿಯಾಗಿ ಹೊರಗೆ ಬಂತು. ಮೇಲಿನ ಒಂದು ಇಂಚು ಬಿಳಿಚಿಕೊಂಡು ಒಣಗಿತ್ತು. ಅದರ ಕೆಳಗೆಲ್ಲ ಕರಿ ಕೆಸರು, ಹಿಂಡಿದರೆ ನೀರು ಬರುವ ಹಾಗೆ. ಬೇರುಗಳು ಬೆಳ್ಳಗೆ ಇರಬೇಕಾದವು ಚಹಾದ ಬಣ್ಣಕ್ಕೆ ತಿರುಗಿದ್ದವು. ಎಳೆದರೆ ಮೇಲಿನ ಸಿಪ್ಪೆ ಕಳಚಿ, ಒಳಗಿನ ನೂಲು ಮಾತ್ರ ಬೆರಳಿಗೆ ಬರುತ್ತಿತ್ತು. ಮೋರಿಯ ವಾಸನೆ.

“ಹೊಲದಾಗ ಎರಿ ಚಲೋ. ಕೆಳಗ ಆಳ ಅದ, ಬಿಸಲ ಅದ, ಬಿರುಕ ಬಿಟ್ಟು ಗಾಳಿ ಆಡ್ತದ. ಈ ಡಬ್ಯಾಗ ಗಾಳಿ ಎಲ್ಲಿಂದ ಬರಬೇಕು?”

ಬೇರಿಗೂ ಉಸಿರಾಟ ಇದೆ. ಮಣ್ಣಿನ ಕಣಗಳ ನಡುವೆ ಗಾಳಿ ಇಲ್ಲದೆ ನೀರೇ ತುಂಬಿದರೆ ಬೇರು ಸಾಯುತ್ತದೆ. ಸತ್ತ ಬೇರು ನೀರು ಎಳೆಯುವುದಿಲ್ಲ. ಆಗ ಸುತ್ತ ನೀರು ಇದ್ದರೂ ಎಲೆ ಬಾಯಾರಿ ಬಾಡುತ್ತದೆ. ನೀರು ಜಾಸ್ತಿ ಆಗಿ ಬಾಡಿದ್ದಕ್ಕೂ ಕಡಿಮೆ ಆಗಿ ಬಾಡಿದ್ದಕ್ಕೂ ನೋಡಲು ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ಕುಂಡದ ತೂಕದಲ್ಲಿ.

ಮರುದಿನ ಎಲ್ಲ ಗಿಡ ತೆಗೆದು, ಕೊಳೆತ ಬೇರು ಕತ್ತರಿಸಿ, ಹೊಸ ಮಿಶ್ರಣಕ್ಕೆ ಹಾಕಿದೆ. ತೊಳೆದ ಕೋಕೋಪೀಟ್ ಎರಡು ಪಾಲು, ಎರೆಹುಳು ಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು. ಕೋಕೋಪೀಟ್ ತೊಳೆಯುವುದು ಮುಖ್ಯ, ತೆಂಗಿನ ನಾರಿನ ಪುಡಿಯಲ್ಲಿ ಉಪ್ಪು ಇರುತ್ತದೆ. ಕುಂಡದ ತಳದಲ್ಲಿ ತೂತು ಒಂದೇ ಇತ್ತು, ಕಾದ ಮೊಳೆಯಿಂದ ಇನ್ನೂ ಐದು ಮಾಡಿದೆ. ಬೇರು ಕಡಿಮೆ ಆದಾಗ ಎಲೆಯ ಬಾಯಾರಿಕೆಯೂ ಕಡಿಮೆ ಆಗಬೇಕು. ಅದಕ್ಕೆ ನಾಲ್ಕು ದಿನ ಲೈಟ್ ಮೇಲೆತ್ತಿ ಇಟ್ಟೆ. ಗೊಬ್ಬರ ಏನೂ ಕೊಡಲಿಲ್ಲ. ಒಂದು ಗಿಡ ಸತ್ತಿತು. ಅದರ ಜಾಗಕ್ಕೆ ಉಳಿಸಿಟ್ಟಿದ್ದ ಸಸಿ ಬಂತು. ಈಗ ಅದು ನಾಲ್ಕನೇ ಕುಂಡ.

ಆವತ್ತಿನಿಂದ ಅಡುಗೆಮನೆಯ ತಕ್ಕಡಿ ಸ್ಟೋರ್ ರೂಮಿಗೆ ಬಂದಿದೆ. ಅತ್ತೆಯವರು ಇನ್ನೊಂದು ತಕ್ಕಡಿ ತರಿಸಿಕೊಂಡರು. ನೀರು ಹಾಕಿ ಪೂರ್ತಿ ಬಸಿದ ಮೇಲೆ ಕುಂಡ 2,900 ಗ್ರಾಂ ಇರುತ್ತದೆ. 2,150ಕ್ಕೆ ಇಳಿದಾಗ ನೀರು ಹಾಕುತ್ತೇನೆ, ತಳದಿಂದ ಹರಿಯುವ ತನಕ. ಅದಕ್ಕೆ ಮೊದಲು ಎಲೆ ಎಷ್ಟೇ ಜೋತರೂ ಹಾಕುವುದಿಲ್ಲ. ಒಮ್ಮೆಗೆ ಪೂರ್ತಿ ನೆನೆಸುವುದು, ಆಮೇಲೆ ಹಗುರ ಆಗಲು ಬಿಡುವುದು. ದಿನಾ ಒಂದೊಂದು ಲೋಟ ಹಾಕುವುದಕ್ಕಿಂತ ಇದು ಎಷ್ಟೋ ಒಳ್ಳೆಯದು. ತಿಂಗಳಾದ ಮೇಲೆ ತಕ್ಕಡಿ ಇಲ್ಲದೆಯೂ ಕೈಗೆ ಗೊತ್ತಾಗತೊಡಗಿತು.

ಕಾಕಾ ಅವತ್ತು ಇನ್ನೊಂದು ಮಾತು ಹೇಳಿದ್ದರು. ದಾಳಿಂಬೆಗೆ ಬಹಾರ್ ಹಿಡಿಯುವಾಗ ಅವರು ಬೇಕಂತಲೇ ನೀರು ನಿಲ್ಲಿಸುತ್ತಾರೆ. ಎಲೆ ಉದುರುತ್ತದೆ. ಆಮೇಲೆ ಗೊಬ್ಬರ, ನೀರು ಕೊಟ್ಟರೆ ಒಮ್ಮೆಗೇ ಹೂವು ಬರುತ್ತದೆ. ಹಾಗಾದರೆ ಗಿಡಕ್ಕೆ ತೊಂದರೆ ಕೊಟ್ಟರೆ ಲಾಭ ಇದೆಯಾ ಅಂತ ಕೇಳಿದೆ. “ಅದು ಮೂರು ವರ್ಷದ ಗಿಡ, ಬೇರು ಭೂಮಿಯೊಳಗ ಹೋಗ್ಯಾವ. ನಿಂದು ಕೂಸು,” ಅಂದರು. ಸಂಕಟ ತಡೆಯುವ ಶಕ್ತಿ ಬೇರಿನ ಅಳತೆಗೆ ತಕ್ಕ ಹಾಗೆ ಇರುತ್ತದೆ. ನಾಲ್ಕು ಲೀಟರ್ ಮಣ್ಣಿನಲ್ಲಿ ಅಂಥ ಪ್ರಯೋಗಕ್ಕೆ ಜಾಗ ಇಲ್ಲ.

ಫೆಬ್ರುವರಿ

ಹೊಸ ಮಿಶ್ರಣದಲ್ಲಿ ಗಿಡ ಚೇತರಿಸಿಕೊಂಡವು. ಆದರೆ ಫೆಬ್ರುವರಿ ಎರಡನೇ ವಾರಕ್ಕೆ ಎಲೆಯ ತುದಿಗಳು ಕಂದು ಬಣ್ಣಕ್ಕೆ ತಿರುಗಿ ಒಣಗಿದವು, ಊದುಬತ್ತಿ ತಾಗಿಸಿದ ಹಾಗೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕೂತಿತ್ತು. ನೀರು ಲೆಕ್ಕದ ಪ್ರಕಾರವೇ ಹೋಗುತ್ತಿತ್ತು. ಹಾಗಾದರೆ ಏನು?

ನಮ್ಮ ಮನೆಯಲ್ಲಿ ಆರ್‌ಒ ಯಂತ್ರ ಇದೆ. ಅದು ಹೊರಗೆ ಬಿಡುವ ನೀರನ್ನು ಸುಮ್ನೆ ಮೋರಿಗೆ ಬಿಡುವುದು ನನಗೆ ಸಂಕಟ. ಬಕೆಟ್‌ನಲ್ಲಿ ಹಿಡಿದು ಗಿಡಕ್ಕೆ ಹಾಕುತ್ತಿದ್ದೆ. ನೀರಿನಲ್ಲಿ ಕರಗಿದ ಉಪ್ಪು ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಹಾಕಿ ನೋಡಿದೆ. ಬೋರ್‌ವೆಲ್ ನೀರು 1,180. ಆರ್‌ಒದಿಂದ ಕುಡಿಯಲು ಬರುವ ನೀರು 60. ಹೊರಗೆ ಬಿಡುವ ನೀರು 1,700. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಈ ಬಕೆಟ್‌ಗೆ ಬರುತ್ತಿತ್ತು, ಅಲ್ಲಿಂದ ಕುಂಡಕ್ಕೆ. ಗಿಡ ನೀರನ್ನು ಕುಡಿಯುತ್ತದೆ, ಉಪ್ಪಿನ ಬಹುಪಾಲು ಮಣ್ಣಿನಲ್ಲೇ ಉಳಿಯುತ್ತದೆ. ಕುಂಡದ ತಳದಿಂದ ಹರಿದ ನೀರನ್ನು ಹಿಡಿದು ಅಳೆದೆ: 3,400. ಮೇಲಿಂದ ಹಾಕಿದ್ದರ ಎರಡು ಪಟ್ಟು. ಬೇರು ಇರುವ ಜಾಗದಲ್ಲಿ ನಿಜವಾಗಿ ಏನಿದೆ ಅಂತ ಹೇಳಿದ್ದು ಆ ತಳದ ನೀರು. ಮಣ್ಣಿನಲ್ಲಿ ಉಪ್ಪು ಜಾಸ್ತಿ ಆದರೆ ಬೇರಿಗೆ ನೀರು ಎಳೆಯುವುದೇ ಕಷ್ಟ ಆಗುತ್ತದೆ. ಒಂದು ಥರದಲ್ಲಿ ಅದೂ ಬಾಯಾರಿಕೆಯೇ.

ರಿಪೇರಿ ಸರಳ, ಆದರೆ ಒಂದು ಸಂಜೆ ಹಿಡಿಯಿತು. ಪ್ರತಿ ಕುಂಡವನ್ನು ಬಚ್ಚಲಿಗೆ ಒಯ್ದು, 12 ಲೀಟರ್ ಒಳ್ಳೆ ನೀರು ನಿಧಾನಕ್ಕೆ ಹರಿಸಿದೆ. ಅಂದರೆ ಕುಂಡದ ಗಾತ್ರದ ಮೂರು ಪಟ್ಟು. ಕೊನೆಯಲ್ಲಿ ತಳದ ನೀರು 700ಕ್ಕೆ ಇಳಿಯಿತು. ಆಮೇಲೆ ಆರು ದಿನ ನೀರೇ ಮುಟ್ಟಿಸಲಿಲ್ಲ, ತೂಕ ಇಳಿಯುವ ತನಕ.

ಮುಂದೆ ಎರಡು ವಾರ ಬರೀ ಆರ್‌ಒ ಕುಡಿಯುವ ನೀರು ಹಾಕಿದೆ. ಅದೂ ಸರಿ ಬರಲಿಲ್ಲ. ಹೊಸ ಎಲೆಗಳು ಸುಕ್ಕಾಗಿ, ತುದಿ ತಿರುಚಿಕೊಂಡು ಬಂದವು. ಆ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಕೋಕೋಪೀಟ್ ಇದ್ದ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕೊನೆಗೆ ನಳದ ನೀರಿಗೆ ಬಂದು ನಿಂತೆ. ನಳ ಬಂದ ದಿನ ಎರಡು ಕೊಡ ತುಂಬಿ, ಬಾಯಿ ತೆರೆದು ಒಂದು ರಾತ್ರಿ ಇಡುತ್ತೇನೆ. ಅದರ ಟಿಡಿಎಸ್ 400ರ ಆಸುಪಾಸು. ಅದು ಗಿಡಕ್ಕೆ ಒಗ್ಗಿತು. ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ 19:19:19 ಗೊಬ್ಬರ ವಾರಕ್ಕೊಮ್ಮೆ, ಲೀಟರಿಗೆ ಒಂದೇ ಗ್ರಾಂ. ಆರ್‌ಒ ಹೊರಗೆ ಬಿಡುವ ನೀರಿನಿಂದ ಈಗ ಅಂಗಳ ತೊಳೆಯುತ್ತೇವೆ.

ಮಾರ್ಚ್

ಹೂವು ಬಂದವು. ಚಿಕ್ಕ ಬಿಳಿ ಹೂವು, ತಲೆ ಬಗ್ಗಿಸಿಕೊಂಡು. ಖುಷಿ ನಾಲ್ಕು ದಿನ ಇತ್ತು. ಆಮೇಲೆ ದಿನಾ ಬೆಳಗ್ಗೆ ರ್‍ಯಾಕಿನ ತಟ್ಟೆಯಲ್ಲಿ ತೊಟ್ಟು ಸಮೇತ ಉದುರಿದ ಹೂವು. ಒಂದು ದಿನ 17 ಎಣಿಸಿದೆ. ಎಲೆಗಳ ಅಂಚು ಮೇಲಕ್ಕೆ ಮಡಚಿ ದೋಣಿಯ ಹಾಗೆ ಆಗಿದ್ದವು.

ಬಾಗಿಲ ಬಳಿಯ ಥರ್ಮಾಮೀಟರ್ 33 ತೋರಿಸುತ್ತಿತ್ತು. ಮೆಣಸಿನಕಾಯಿಗೆ ಸ್ವಲ್ಪ ಜಾಸ್ತಿ, ಆದರೂ ನಡೆಯುತ್ತದೆ. ಅದನ್ನು ಬಿಚ್ಚಿ ತಂದು ಗಿಡದ ಕೊಂಬೆಗೆ, ಮೇಲಿನ ಎಲೆಯ ಮಟ್ಟಕ್ಕೆ ಕಟ್ಟಿದೆ. ಒಂದು ಗಂಟೆ ಬಿಟ್ಟು ನೋಡಿದರೆ 38.5. ಎರಡು ಹೆಜ್ಜೆ ಅಂತರದಲ್ಲಿ ಐದೂವರೆ ಡಿಗ್ರಿ ವ್ಯತ್ಯಾಸ.

ಕಾರಣ ನನ್ನದೇ ಫ್ಲೆಕ್ಸ್ ಪೆಟ್ಟಿಗೆ. ಎಲ್‌ಇಡಿ ಬಿಸಿ ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹಳೆಯ ಬಲ್ಬಿಗೆ ಹೋಲಿಸಿದರೆ ಅದೇ ಬೆಳಕಿಗೆ ಕಡಿಮೆ ಬಿಸಿ, ನಿಜ. ಆದರೆ 120 ವ್ಯಾಟ್ ಒಳಗೆ ಹೋದರೆ, ಹೆಚ್ಚುಕಡಿಮೆ ಅಷ್ಟೂ ಕೊನೆಗೆ ಶಾಖವಾಗಿ ಅಲ್ಲೇ ಉಳಿಯುತ್ತದೆ. ಮೂರು ಬದಿ ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಹೋಗಲು ದಾರಿ ಇರಲಿಲ್ಲ.

ಇನ್ನೊಂದು ಕಾರಣ ಸಿಕ್ಕಿದ್ದು ರಾತ್ರಿ ನೀರು ಕುಡಿಯಲು ಎದ್ದಾಗ. ಎರಡು ಗಂಟೆ ಆಗಿತ್ತು. ಸ್ಟೋರ್ ರೂಮಿನ ಬಾಗಿಲ ಸಂದಿಯಲ್ಲಿ ಬೆಳಕು. ಲೈಟ್ ಬೆಳಗ್ಗೆ 6ರಿಂದ ರಾತ್ರಿ 8ರ ತನಕ ಇರಬೇಕಿತ್ತು. ನಾನು ತಂದಿದ್ದು ತಿರುಗುವ ಚಕ್ರದ ಟೈಮರ್. ಕರೆಂಟ್ ಹೋದರೆ ಆ ಚಕ್ರವೂ ನಿಲ್ಲುತ್ತದೆ. ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ಅಂತ ಕರೆಂಟ್ ಹೋಗಿ, ಹನ್ನೆರಡು ದಿನದಲ್ಲಿ ಏಳೂವರೆ ಗಂಟೆ ಹಿಂದೆ ಬಿದ್ದಿತ್ತು. ಶಾಲೆಯಲ್ಲಿ ಪರೀಕ್ಷೆಯ ದಿನಗಳು, ನಾನು ಲೈಟ್ ಹಚ್ಚುವ ಹೊತ್ತನ್ನು ಗಮನಿಸಿರಲಿಲ್ಲ. ಅಂದರೆ ಮಧ್ಯಾಹ್ನ ಒಂದೂವರೆಗೆ, ಊರೇ ಕಾದ ಹೊತ್ತಿಗೆ, ಲೈಟ್ ಹೊತ್ತಿಕೊಂಡು ಇನ್ನಷ್ಟು ಬಿಸಿ ಸೇರಿಸುತ್ತಿತ್ತು.

ಒಂದು ಲೆಕ್ಕ ಹಾಕಿ ನೋಡಿದೆ. ಗಾಳಿ ಎಲೆಯಿಂದ ನೀರು ಎಳೆಯುವ ಬಲವನ್ನು ಕಿಲೋಪಾಸ್ಕಲ್‌ನಲ್ಲಿ ಹೇಳುತ್ತಾರೆ. 28 ಡಿಗ್ರಿ, ತೇವಾಂಶ 60% ಇದ್ದರೆ ಅದು ಸುಮಾರು 1.5. 38 ಡಿಗ್ರಿ, ತೇವಾಂಶ 20% ಇದ್ದರೆ 5.3. ಮೂರೂವರೆ ಪಟ್ಟು. ಮಣ್ಣಿನಲ್ಲಿ ನೀರು ಎಷ್ಟಿದ್ದರೂ ಬೇರು ಅಷ್ಟು ಬೇಗ ಕಳಿಸಲಾರದು. ಗಿಡ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ, ಎಲೆ ಮಡಚುತ್ತದೆ, ಸಾಕಲು ಆಗದ ಹೂವನ್ನು ಉದುರಿಸುತ್ತದೆ. ಆ 17 ಹೂವು ಉದುರಿದ್ದು ರೋಗದಿಂದ ಅಲ್ಲ. ಗಿಡ ತನ್ನನ್ನು ಉಳಿಸಿಕೊಂಡ ರೀತಿ ಅದು.

ಒಂದು ವಾರದಲ್ಲಿ ಮಾಡಿದ ಬದಲಾವಣೆ ಇಷ್ಟು. ಫ್ಲೆಕ್ಸನ್ನು ಕೆಳಗೆ ಅರ್ಧ ಅಡಿ, ಮೇಲೆ ಅರ್ಧ ಅಡಿ ಕತ್ತರಿಸಿದೆ. ತಣ್ಣನೆ ಗಾಳಿ ಕೆಳಗಿಂದ ಬಂದು ಬಿಸಿ ಗಾಳಿ ಮೇಲಿಂದ ಹೋಗಲು ದಾರಿ ಆಯಿತು. ಇಷ್ಟಕ್ಕೇ ಎರಡು ಡಿಗ್ರಿ ಇಳಿಯಿತು. ವೆಂಟಿಲೇಟರ್‌ಗೆ ಆರು ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಒಂದು ಸಣ್ಣ ಟೇಬಲ್ ಫ್ಯಾನನ್ನು ಗಿಡದ ಕಡೆಗಲ್ಲದೆ ಗೋಡೆಯ ಕಡೆ ತಿರುಗಿಸಿ ಇಟ್ಟೆ. ನೇರ ಗಾಳಿ ಎಲೆಯನ್ನು ಒಣಗಿಸುತ್ತದೆ, ಗೋಡೆಗೆ ಬಡಿದು ಬಂದ ಗಾಳಿಗೆ ಎಲೆ ಸಣ್ಣಗೆ ಅಲುಗುತ್ತದೆ, ಅಷ್ಟು ಸಾಕು. ಪಶ್ಚಿಮದ ಗೋಡೆಗೆ ಅಂಟಿದ್ದ ರ್‍ಯಾಕನ್ನು ಒಂದು ಅಡಿ ಈಚೆಗೆ ಎಳೆದೆವು. ಸಂಜೆ ಆ ಗೋಡೆ ಮುಟ್ಟಿದರೆ ರೊಟ್ಟಿ ಹಂಚಿನ ಪಕ್ಕ ನಿಂತ ಹಾಗೆ ಆಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಹೊತ್ತು ಬದಲಿಸಿದ್ದು. ಗಿಡಕ್ಕೆ ಹಗಲು ಯಾವಾಗ ಅನ್ನುವುದನ್ನು ನಾವೇ ನಿರ್ಧರಿಸುತ್ತೇವಲ್ಲ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಂದು, ರಾತ್ರಿ 9ರಿಂದ ಬೆಳಗ್ಗೆ 11ರ ತನಕ ಲೈಟ್ ಇಟ್ಟೆ. ಕರೆಂಟ್ ಹೋದರೂ ಅದರ ಗಡಿಯಾರ ನಡೆಯುತ್ತದೆ. ಮಧ್ಯಾಹ್ನದ ಉರಿಯಲ್ಲಿ ಗಿಡ ಕತ್ತಲೆಯಲ್ಲಿ ಇರುತ್ತದೆ. ಮಾರ್ಚ್ ಕೊನೆಗೆ, ಲೈಟ್ ಇರುವಾಗ ಎಲೆಯ ಬಳಿ 31. ಎಲೆಗಳು ನಾಲ್ಕನೇ ದಿನಕ್ಕೆ ಬಿಚ್ಚಿಕೊಂಡವು.

ಏಪ್ರಿಲ್‌ನಿಂದ ಈಚೆಗೆ

ಏಪ್ರಿಲ್‌ನಲ್ಲಿ ಹೊರಗೆ 41 ದಾಟಿತು. ಪಕ್ಕದ ಕೋಣೆಯ ಕೂಲರ್ ಅನ್ನು ಸ್ಟೋರ್ ರೂಮಿನ ಬಾಗಿಲ ಕಡೆ ತಿರುಗಿಸಿ, ಎಕ್ಸಾಸ್ಟ್ ಹಚ್ಚಿ ಇಟ್ಟೆವು. ನಮ್ಮ ಕಡೆಯ ಒಣ ಬಿಸಿಗೆ ಕೂಲರ್ ಹೇಳಿ ಮಾಡಿಸಿದ್ದು. ತಂಪೂ ಆಗುತ್ತದೆ, ತೇವವೂ ಸೇರುತ್ತದೆ. ಎಲೆಯ ಬಳಿ ತೇವಾಂಶ 22ರಿಂದ 48ಕ್ಕೆ ಏರಿತು.

ನಡುವೆ ನರ್ಸರಿಯಿಂದ ಒಂದು ಗುಲಾಬಿ ತಂದು, ಎರಡು ದಿನ ಇರಲಿ ಅಂತ ರ್‍ಯಾಕಿನ ಮೂಲೆಯಲ್ಲಿ ಇಟ್ಟಿದ್ದೆ. ಅದರ ಜೊತೆ ಕೆಂಪು ನುಸಿ ಬಂದವು. ಮೆಣಸಿನ ಎಲೆಯ ಮೇಲೆ ಸೂಜಿ ಚುಚ್ಚಿದಂಥ ತಿಳಿ ಚುಕ್ಕೆಗಳು. ಎಲೆ ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದರೆ, ನರದ ಪಕ್ಕ ಕೂದಲಿಗಿಂತ ತೆಳು ಬಲೆ, ಅದರ ಮೇಲೆ ಓಡಾಡುವ ಕೆಂಪು ಚುಕ್ಕಿ. ಕಾಕಾಗೆ ಫೋನ್ ಮಾಡಿದೆ. “ಎಲಿ ಮ್ಯಾಲ ಮುದುಡ್ಯಾವೋ, ಕೆಳಗ ಮುದುಡ್ಯಾವೋ?” ಅಂತ ಮೊದಲು ಕೇಳಿದರು. ಮೆಣಸಿನಕಾಯಿಯ ಮುಟುರು ರೋಗದಲ್ಲಿ ಥ್ರಿಪ್ಸ್ ಅನ್ನುವ ಸಣ್ಣ ಕೀಟ ಆದರೆ ಎಲೆ ಮೇಲಕ್ಕೆ ಮುದುಡುತ್ತದೆ, ಹಳದಿ ನುಸಿ ಆದರೆ ಕೆಳಕ್ಕೆ. ನಮ್ಮದು ಎರಡೂ ಅಲ್ಲ, ಬರೀ ಚುಕ್ಕೆ ಮತ್ತು ಬಲೆ. ಎಲೆಯ ಕೆಳಬದಿಗೆ ನೀರು ರಭಸವಾಗಿ ಹೊಡೆದು ತೊಳೆದೆ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಚೂರು ಸಾಬೂನು ಕದಡಿ, ಲೈಟ್ ಆರಿದ ಮೇಲೆ ಸಿಂಪಡಿಸಿದೆ. ಲೈಟ್ ಇರುವಾಗ ಎಣ್ಣೆ ಬಿದ್ದರೆ ಎಲೆ ಸುಡುತ್ತದೆ. ಮೊಟ್ಟೆಗಳು ಉಳಿದಿರುತ್ತವೆ, ಹಾಗಾಗಿ ಐದು ದಿನಕ್ಕೊಮ್ಮೆ ಮೂರು ಸಲ. ಗುಲಾಬಿ ಅಂಗಳಕ್ಕೆ ಹೋಯಿತು. ಬಾಡಿ ಬಳಲಿದ ಗಿಡಕ್ಕೆ ನುಸಿ ಬೇಗ ಹತ್ತುತ್ತದೆ. ಆರರಲ್ಲಿ ಹೆಚ್ಚು ಕೆಟ್ಟದ್ದು ಮಾರ್ಚ್‌ನ ಬಿಸಿಯಲ್ಲಿ ಹೆಚ್ಚು ನಲುಗಿದ್ದ ಎರಡನೇ ಕುಂಡ.

ಒಳಗೆ ಹೊರಗಿನಂಥ ಗಾಳಿಯೂ ಇಲ್ಲ, ಜೇನೂ ಇಲ್ಲ. ಮೆಣಸಿನ ಹೂವಿನಲ್ಲಿ ಗಂಡು ಭಾಗ, ಹೆಣ್ಣು ಭಾಗ ಎರಡೂ ಇರುತ್ತವೆ. ಹೂವಿನ ಹಿಂದಿನ ಕೊಂಬೆಯನ್ನು ಬೆರಳಿನಿಂದ ಮೂರ್ನಾಲ್ಕು ಸಲ ತಟ್ಟಿದರೆ ಸಾಕು. ಲೈಟ್ ಹೊತ್ತಿದ ಎರಡು ಗಂಟೆಗೆ, ಅಂದರೆ ರಾತ್ರಿ 11ಕ್ಕೆ, ಮಲಗುವ ಮೊದಲು ನಾನು ಆ ಕೆಲಸ ಮಾಡುತ್ತೇನೆ. ಈಗಲೂ ಮೂರು ಹೂವಿನಲ್ಲಿ ಒಂದು ಉದುರುತ್ತದೆ. ಬೇಸಿಗೆ ಮುಗಿಯುವ ತನಕ ಅಷ್ಟನ್ನು ಒಪ್ಪಿಕೊಂಡಿದ್ದೇನೆ.

ಏಪ್ರಿಲ್ 26ಕ್ಕೆ ಮೊದಲ ಕೊಯ್ಲು. 11 ಕಾಯಿ, 46 ಗ್ರಾಂ. ಅತ್ತೆಯವರು ಬೆಳ್ಳುಳ್ಳಿ, ಉಪ್ಪು ಹಾಕಿ ಒಳಕಲ್ಲಿನಲ್ಲಿ ಜಜ್ಜಿ ಹಸಿಖಾರ ಮಾಡಿದರು. ಮೇ ತಿಂಗಳಲ್ಲಿ ಇಲ್ಲಿಯ ತನಕ 138 ಗ್ರಾಂ ಬಂದಿದೆ. ಸಂತೆಯಲ್ಲಿ ಅಷ್ಟಕ್ಕೆ ಎಷ್ಟು ಕೊಡಬೇಕು ಅಂತ ನಮ್ಮ ಮನೆಯವರು ಲೆಕ್ಕ ಕೇಳಲಿಲ್ಲ, ಎರಡು ರೊಟ್ಟಿ ಜಾಸ್ತಿ ಉಂಡರು.

ಈಗ ನನ್ನ ಗಮನ ನಾಲ್ಕನೇ ಕುಂಡದ ಮೇಲೆ. ತಡವಾಗಿ ಬಂದ ಸಸಿ, ಉಳಿದವಕ್ಕಿಂತ ಒಂದು ಗೇಣು ಗಿಡ್ಡ. ಎಲೆ ಚೆನ್ನಾಗಿದೆ, ಹೂವು ಇನ್ನೂ ಕಟ್ಟಿಲ್ಲ. ಎತ್ತರ ಕಡಿಮೆ ಇರುವುದರಿಂದ ಅದರ ತುದಿಗೆ 9,000 ಲಕ್ಸ್ ಮಾತ್ರ ಸಿಗುತ್ತಿದೆ ಅಂತ ನಿನ್ನೆ ಅಳೆದಾಗ ಗೊತ್ತಾಯಿತು. ಅದರ ಕೆಳಗೆ ಎರಡು ಇಟ್ಟಂಗಿ ಇಟ್ಟಿದ್ದೇನೆ, 11,000 ಆಗಿದೆ. ನಾಲ್ಕು ದಿನ ಬಿಟ್ಟು ಮೂರನೆಯದನ್ನು ಇಡಬೇಕು. ಇವತ್ತು ಸಂಜೆಯ ತೂಕ 2,310. ನಾಳೆಯೂ ನೀರು ಬೇಡ, ನಾಡಿದ್ದು ಬೆಳಗ್ಗೆ ನೋಡುತ್ತೇನೆ.